ಕಿಂಡಿ ಅಣೆಕಟ್ಟಿನಿಂದ ಕರೆಂಟು ತೆಗೆಯಬಹುದಾ? ಇರುವ ಕಟ್ಟೆಗೆ ಸಣ್ಣ ಟರ್ಬೈನ್ ಕೂರಿಸುವ ಸಮಗ್ರ ಮಾರ್ಗದರ್ಶಿ

ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್ ಹೊತ್ತಿಗೆ) ಶಿರಿಯ ಹೊಳೆಯನ್ನೋ ಪಯಸ್ವಿನಿಯನ್ನೋ ನೋಡಿದವರು ಒಮ್ಮೆಯಾದರೂ ಕೇಳಿಯೇ ಇರುತ್ತಾರೆ: ಇಷ್ಟು ನೀರು ಸುಮ್ನೆ ಸಮುದ್ರಕ್ಕೆ ಹೋಗ್ತಾ ಇದೆ, ಹೇಗೂ ಅಣೆಕಟ್ಟು ಇದೆ, ಇದರಲ್ಲಿ ಕರೆಂಟು ಮಾಡಬಾರದಾ? ಮಾಡಬಹುದು. ಆದರೆ ನೀರು ಇದ್ದರೆ ಸಾಲದು, ಅದು ಬೀಳಬೇಕು. ನಮ್ಮ ಕಾಸರಗೋಡಿನ ಕಟ್ಟೆಗಳಲ್ಲಿ ಇರುವ ತೊಡಕೇ ಅದು. ನೀರು ಜಾಸ್ತಿ ಇರುವಾಗ ಎತ್ತರ ಇರುವುದಿಲ್ಲ, ಎತ್ತರ ಸಿಗುವಾಗ ನೀರು ಇಳಿದಿರುತ್ತದೆ. ಎರಡೂ ಒಟ್ಟಿಗೆ ಸಿಗುವ ತಿಂಗಳು ಎಷ್ಟು ಎಂದು ಗೊತ್ತಾದ ಮೇಲೆಯೇ ಟರ್ಬೈನಿನ ಮಾತು.

ಯಾವ ಕಟ್ಟೆ ಆಗುತ್ತದೆ, ಯಾವುದು ಆಗುವುದಿಲ್ಲ

ಏತಡ್ಕದ ಕಡೆಯಲ್ಲಿ ಪ್ರತಿ ವರ್ಷ ಊರವರು ಸೇರಿ ಹಾಕುವ ಕಲ್ಲು-ಮಣ್ಣಿನ ಕಟ್ಟಗಳನ್ನು ಮೊದಲೇ ಬಿಟ್ಟುಬಿಡಿ. ಅವು ಬೇಸಿಗೆಗೆ ತೋಟಕ್ಕೆ ನೀರು ನಿಲ್ಲಿಸಲು, ಬಾವಿಗೆ ನೀರು ಇಂಗಿಸಲು ಇರುವಂಥವು. ಮಳೆ ಹಿಡಿಯುವ ಹೊತ್ತಿಗೆ ಹೋಗುವ ಕಟ್ಟಕ್ಕೆ ಯಂತ್ರ ಕೂರಿಸುವುದು ಎಲ್ಲಿಗೆ?

ಕಿಂಡಿ ಅಣೆಕಟ್ಟು, ಅಂದರೆ ಆಫೀಸಿನವರು ವಿ.ಸಿ.ಬಿ. (ವೆಂಟೆಡ್ ಕ್ರಾಸ್ ಬಾರ್) ಎನ್ನುವುದು, ಸ್ವಲ್ಪ ಕಷ್ಟದ ಕೇಸು. ಮಳೆ ನಿಂತ ಮೇಲೆ ಅದರ ಕಿಂಡಿಗಳಿಗೆ ಹಲಗೆ ಹಾಕುತ್ತಾರೆ, ಮಳೆಗಾಲಕ್ಕೆ ಮೊದಲು ತೆಗೆಯುತ್ತಾರೆ. ಹಲಗೆ ತೆಗೆದಾಗ ಹೊಳೆ ತುಂಬಿ ಹರಿಯುತ್ತದೆ, ಆದರೆ ಮೇಲೆ-ಕೆಳಗೆ ನೀರಿನ ಮಟ್ಟ ಹೆಚ್ಚು ಕಡಿಮೆ ಒಂದೇ. ಹಲಗೆ ಹಾಕಿದಾಗ ಎರಡು-ಮೂರು ಮೀಟರ್ ಎತ್ತರ ಸಿಗುತ್ತದೆ, ಆದರೆ ಫೆಬ್ರವರಿ ಬರುವಷ್ಟರಲ್ಲಿ ಹಲಗೆಯ ಮೇಲಿಂದ ಹರಿಯುವ ನೀರೇ ನಿಂತಿರುತ್ತದೆ. ಒಟ್ಟಿನಲ್ಲಿ ತುಲಾ ಮಳೆಯ (ಅಕ್ಟೋಬರ್-ನವೆಂಬರ್ ಮಳೆಯ) ನಂತರದ ಕೆಲವು ತಿಂಗಳು ಮಾತ್ರ ಉಪಯೋಗಕ್ಕೆ ಬರುತ್ತವೆ.

ಹಲಗೆ ಇಲ್ಲದ, ವರ್ಷವಿಡೀ ನಿಂತಿರುವ ಕಾಂಕ್ರೀಟು ತಡೆಗೋಡೆ ಇದ್ದರೆ ಪರವಾಗಿಲ್ಲ. ಎಲ್ಲಕ್ಕಿಂತ ಒಳ್ಳೆಯದು ಗುಡ್ಡೆಯ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಕಟ್ಟಿದ ಸಣ್ಣ ತಡೆಗೋಡೆ. ಗೋಡೆ ಬರೀ ಒಂದು ಮೀಟರ್ ಇರಲಿ, ಅಲ್ಲಿಂದ ಪೈಪು ಹಾಕಿ ಇಪ್ಪತ್ತು ಮೀಟರ್ ಕೆಳಗಿನ ತೋಟಕ್ಕೆ ಇಳಿಸಿದರೆ ನಿಮಗೆ ಸಿಕ್ಕ ಎತ್ತರ ಇಪ್ಪತ್ತು ಮೀಟರ್. ಪೈವಳಿಕೆ, ಎಣ್ಮಕಜೆ, ಬೆಳ್ಳೂರು, ದೇಲಂಪಾಡಿ ಕಡೆಯ ಏರುತಗ್ಗಿನ ಜಾಗಗಳಲ್ಲಿ ಇಂಥ ತೋಡು ಹುಡುಕಿದರೆ ಸಿಗುತ್ತದೆ. ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗದ ನೀರು ಬೇಡ, ಅದು ಮನೆಗೆ ಸಾಕಾದರೆ ಪುಣ್ಯ. ಬಾವಿಕ್ಕೆರೆಯಂಥ ಉಪ್ಪುನೀರು ತಡೆಯುವ ರೆಗ್ಯುಲೇಟರೂ ಆಗದು. ಅಲ್ಲಿ ಉಬ್ಬರ ಇಳಿತಕ್ಕೆ ಕೆಳಗಿನ ಮಟ್ಟ ಬದಲಾಗುತ್ತಾ ಇರುತ್ತದೆ, ಮತ್ತೆ ಅದು ಇರುವುದೇ ಕುಡಿಯುವ ನೀರಿಗೆ.

ಇರುವ ಅಣೆಕಟ್ಟಿಗೆ ಆಮೇಲೆ ಟರ್ಬೈನ್ ಸೇರಿಸುವುದು ಕೇರಳಕ್ಕೆ ಹೊಸತೇನಲ್ಲ. ನೀರಾವರಿಗೆಂದು ಕಟ್ಟಿದ ಮಲಂಬುಳದಲ್ಲಿ 2.5 ಮೆಗಾವಾಟ್, ಮಲಂಕರದಲ್ಲಿ 10.5, ತೆನ್ಮಲೆಯ ಕಲ್ಲಡ ಅಣೆಕಟ್ಟಿನಲ್ಲಿ 15, ಮಣಿಯಾರ್ ಬ್ಯಾರೇಜಿನಲ್ಲಿ 12 ಮೆಗಾವಾಟ್ ಘಟಕಗಳಿವೆ. ಪಕ್ಕದ ಕಣ್ಣೂರಿನ ಪಳಶ್ಶಿ ಬ್ಯಾರೇಜಿಗೂ ಕೇರಳದ ವಿದ್ಯುತ್ ಮಂಡಳಿ ಕೆ.ಎಸ್.ಇ.ಬಿ. 7.5 ಮೆಗಾವಾಟಿನ ಯೋಜನೆ ಹಾಕಿಕೊಂಡಿತು. ಎಲ್ಲದರ ತರ್ಕ ಒಂದೇ: ಹೇಗೂ ಕೆಳಗೆ ಬಿಡಲೇಬೇಕಾದ ನೀರನ್ನು ಟರ್ಬೈನಿನ ಮೂಲಕ ಬಿಡುವುದು. ನಮ್ಮ ಅಳತೆ ಕಿಲೋವಾಟಿನದ್ದು, ಆದರೆ ತರ್ಕ ಇದೇ ಇರಲಿ. ಕರೆಂಟಿಗೋಸ್ಕರ ತೋಟದ ನೀರು ಹಿಡಿದಿಟ್ಟರೆ ಕೆಳಗಿನ ಬೈಲಿನವರು ಕತ್ತಿ ಹಿಡಿದು ಬಂದಾರು, ಅದರಲ್ಲಿ ತಪ್ಪೂ ಇಲ್ಲ.

ನೀರು ಅಳೆಯಿರಿ, ಒಂದು ವರ್ಷ ಪೂರ್ತಿ

ಬೇಸರದ ಕೆಲಸ ಇದು, ಹಾಗಾಗಿಯೇ ಎಲ್ಲರೂ ಬಿಡುವುದೂ ಇದನ್ನೇ. ಟರ್ಬೈನ್ ಮಾರುವವರು ಎತ್ತರವನ್ನೂ ನೀರನ್ನೂ ಕೇಳದೆ "ಐದು ಕಿಲೋವಾಟ್ ಬರುತ್ತೆ" ಅಂದರೆ ಚಹಾ ಕೊಟ್ಟು ಕಳಿಸಿ.

ಕಟ್ಟೆ ಇರುವುದರ ದೊಡ್ಡ ಲಾಭ ಏನೆಂದರೆ, ನೀರು ಅಳೆಯುವ ಸಾಧನ ಆಗಲೇ ಕಟ್ಟಿ ಆಗಿದೆ. ಗೋಡೆಯ ಮೇಲಿಂದ ನೀರು ಹರಿಯುತ್ತದಲ್ವಾ, ಆ ನೀರಿನ ದಪ್ಪ ನೋಡಿದರೆ ಸಾಕು. ಗೋಡೆಯ ಅಂಚಿನಲ್ಲೇ ನೋಡಬೇಡಿ, ಅಲ್ಲಿ ನೀರು ಬಾಗಿ ತೆಳುವಾಗಿರುತ್ತದೆ. ಎರಡು-ಮೂರು ಮೀಟರ್ ಹಿಂದೆ, ನೀರು ಶಾಂತವಾಗಿರುವಲ್ಲಿ ಅಳತೆಪಟ್ಟಿ ನಿಲ್ಲಿಸಿ, ಅದರ ಸೊನ್ನೆ ಗೋಡೆಯ ತಲೆಯ ಮಟ್ಟಕ್ಕೆ ಸರಿಯಾಗಿ ಇರಲಿ. ಲೆಕ್ಕ ಹೀಗೆ: ಮೀಟರಿನಲ್ಲಿ ಅಳೆದ ಆ ಎತ್ತರವನ್ನು ಅದರದೇ ವರ್ಗಮೂಲದಿಂದ ಗುಣಿಸಿ, ಗೋಡೆಯ ಉದ್ದದಿಂದ ಗುಣಿಸಿ, ಮತ್ತೆ 1.7ರಿಂದ ಗುಣಿಸಿ. ಉತ್ತರ ಸೆಕೆಂಡಿಗೆ ಘನ ಮೀಟರ್. ಹತ್ತು ಮೀಟರ್ ಉದ್ದದ ಗೋಡೆಯ ಮೇಲೆ 10 ಸೆಂಟಿಮೀಟರ್ ನೀರಿದ್ದರೆ ಸೆಕೆಂಡಿಗೆ ಸುಮಾರು 540 ಲೀಟರ್. ಅದೇ 20 ಸೆಂಟಿಮೀಟರ್ ಆದರೆ 1,500 ಲೀಟರ್ ದಾಟುತ್ತದೆ. ದಪ್ಪ ಎರಡು ಪಟ್ಟಾದರೆ ನೀರು ಸುಮಾರು ಮೂರು ಪಟ್ಟು.

ಸಣ್ಣ ತೋಡಿಗೆ ಹಲಗೆಯಲ್ಲಿ 90 ಡಿಗ್ರಿಯ 'ವಿ' ಆಕಾರ ಕತ್ತರಿಸಿ ಅಡ್ಡ ಇಡಿ. ಆ ವಿ ಮೂಲೆಯಿಂದ ಮೇಲೆ 20 ಸೆಂಟಿಮೀಟರ್ ನೀರು ನಿಂತರೆ ಹರಿವು ಸೆಕೆಂಡಿಗೆ 25 ಲೀಟರಿನ ಹತ್ತಿರ. ಇದು ಯಾವುದೂ ಆಗದಿದ್ದರೆ ನೇರವಾಗಿ ಹರಿಯುವ ಒಂದು ಭಾಗ ಹುಡುಕಿ, ಕಿತ್ತಳೆ ಹಣ್ಣೋ ಅರ್ಧ ನೀರು ತುಂಬಿದ ಬಾಟಲಿಯೋ ತೇಲಿಬಿಟ್ಟು ವೇಗ ನೋಡಿ. ಅಗಲ, ಸರಾಸರಿ ಆಳ, ವೇಗ ಮೂರನ್ನೂ ಗುಣಿಸಿ, ಬಂದದ್ದರಲ್ಲಿ ಶೇಕಡಾ 70 ಮಾತ್ರ ಲೆಕ್ಕಕ್ಕೆ ಹಿಡಿಯಿರಿ, ಯಾಕೆಂದರೆ ತಳದ ನೀರು ಮೇಲಿನಷ್ಟು ಜೋರಾಗಿ ಓಡುವುದಿಲ್ಲ.

ವಾರಕ್ಕೆ ಎರಡು ಸಲ ಬರೆದಿಟ್ಟರೆ ಸಾಕು, ಜೋರು ಮಳೆಯ ದಿನ ಇನ್ನೊಂದು ಸಲ. ವರ್ಷದ ಕೊನೆಗೆ ಸಂಖ್ಯೆಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಜೋಡಿಸಿ. ವರ್ಷದಲ್ಲಿ ನಾಲ್ಕೈದು ತಿಂಗಳಾದರೂ ಖಾತ್ರಿಯಾಗಿ ಇರುವ ಹರಿವು ಎಷ್ಟು ಎಂದು ಆಗ ಕಾಣುತ್ತದೆ. ಟರ್ಬೈನಿನ ಗಾತ್ರ ಅದಕ್ಕೆ ಹೊಂದಬೇಕು. ನಮ್ಮಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ ನಿಜ, ಆದರೆ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಜುಲೈ ತಿಂಗಳ ನೆರೆಯನ್ನು ನೋಡಿ ಯಂತ್ರ ತಂದವರು ಡಿಸೆಂಬರಿನಲ್ಲಿ ಅದನ್ನು ಟಾರ್ಪಾಲು ಹೊದಿಸಿ ಇಡಬೇಕಾಗುತ್ತದೆ.

ಎತ್ತರ ಅಳೆಯುವುದು

ಮೇಸ್ತ್ರಿಗಳ ಹತ್ತಿರ ಇರುವ ಪಾರದರ್ಶಕ ಲೆವೆಲ್ ಪೈಪು ಸಾಕು. ಮೇಲಿನಿಂದ ಹಂತ ಹಂತವಾಗಿ ಇಳಿಯುತ್ತಾ ಅಳೆದು ಕೂಡಿಸಿ. ಉದ್ದದ ಪೈಪು ಈಗಾಗಲೇ ಹಾಕಿದ್ದರೆ ಇನ್ನೂ ಸುಲಭ: ಕೆಳಗಿನ ತುದಿ ಮುಚ್ಚಿ, ಪೈಪು ತುಂಬಿಸಿ, ಪ್ರೆಶರ್ ಗೇಜ್ ಹಾಕಿ. ಗೇಜಿನಲ್ಲಿ ಒಂದು ಕೆ.ಜಿ. (ಚದರ ಸೆಂಟಿಮೀಟರಿಗೆ) ಒತ್ತಡ ಅಂದರೆ ಹತ್ತು ಮೀಟರ್ ಎತ್ತರ.

ಹೊಳೆಯ ಕಟ್ಟೆಯಲ್ಲಿ ಒಮ್ಮೆ ಅಳೆದು ಬಿಡಬೇಡಿ. ಕೆಳಗಿನ ನೀರಿನ ಮಟ್ಟವನ್ನೂ ವರ್ಷವಿಡೀ ಬರೆಯಬೇಕು. ಬೇಸಿಗೆಯಲ್ಲಿ ಮೂರು ಮೀಟರ್ ಇದ್ದ ಎತ್ತರ ನೆರೆಯ ದಿನ ಅರ್ಧ ಮೀಟರಿಗೆ ಇಳಿದೀತು, ಆಗ ಹೊಳೆ ಎಷ್ಟು ಭೋರ್ಗರೆದರೂ ಟರ್ಬೈನ್ ತಿರುಗುವುದಿಲ್ಲ. 2018, 2019ರ ಮಳೆಯಲ್ಲಿ ನೀರು ಎಲ್ಲಿಗೆ ಬಂದಿತ್ತು ಎಂದು ಹೊಳೆಬದಿಯ ಹಿರಿಯರನ್ನು ಕೇಳಿ, ಗೋಡೆಗೋ ಮರಕ್ಕೋ ಗುರುತು ಹಾಕಿ. ಜನರೇಟರೂ ಕಂಟ್ರೋಲ್ ಪೆಟ್ಟಿಗೆಯೂ ಆ ಗುರುತಿಗಿಂತ ಮೇಲೆಯೇ ಇರಬೇಕು.

ಈಗ ಲೆಕ್ಕ

ಸೆಕೆಂಡಿಗೆ ಎಷ್ಟು ಲೀಟರ್, ಎಷ್ಟು ಮೀಟರ್ ಎತ್ತರ, ಇವೆರಡನ್ನು ಗುಣಿಸಿ, 9.81ರಿಂದ ಗುಣಿಸಿದರೆ ನೀರಿನಲ್ಲಿರುವ ಒಟ್ಟು ಶಕ್ತಿ ವಾಟಿನಲ್ಲಿ ಬರುತ್ತದೆ. ಅದರಲ್ಲಿ ನಿಮ್ಮ ಕೈಗೆ ಸಿಗುವುದು ಸಣ್ಣ ಯಂತ್ರಗಳಲ್ಲಿ ಅರ್ಧದಿಂದ ಮೂರನೇ ಎರಡು ಭಾಗ. ಗುಡ್ಡೆಯ ತೋಡು: 25 ಲೀಟರ್, 20 ಮೀಟರ್, ಕೈಗೆ ಬರುವುದು ಮೂರು ಕಿಲೋವಾಟಿನ ಹತ್ತಿರ. ದಿನವಿಡೀ ಓಡಿದರೆ ಸುಮಾರು 70 ಯೂನಿಟ್. ಕಿಂಡಿ ಅಣೆಕಟ್ಟು: 500 ಲೀಟರ್, ಎರಡೂವರೆ ಮೀಟರ್, ಎಂಟು ಕಿಲೋವಾಟ್. ಇಪ್ಪತ್ತು ಪಟ್ಟು ನೀರು ಬಳಸಿ ಮೂರು ಪಟ್ಟೂ ಬರಲಿಲ್ಲ ನೋಡಿ. ಅಷ್ಟು ನೀರು ನುಂಗುವ ಯಂತ್ರ ದೊಡ್ಡದಿರಬೇಕು, ಖರ್ಚೂ ಹಾಗೇ.

ನನ್ನ ಅಭಿಪ್ರಾಯ ಕೇಳುವುದಾದರೆ, ಎರಡು ಮೀಟರಿನ ಕಿಂಡಿಯಲ್ಲಿ ಮೂರು ತಿಂಗಳು ಮಾತ್ರ ನೀರು ಸಿಗುವುದಾದರೆ ಆ ದುಡ್ಡಿಗೆ ಮಾಡಿನ ಮೇಲೆ ಸೋಲಾರ್ ಹಾಕಿ. ಗುಡ್ಡೆಯ ತೋಡಿನಲ್ಲಿ ಆರು ತಿಂಗಳು ನೀರಿದ್ದರೆ ಮಾತ್ರ ಎರಡನೇ ಯೋಚನೆ ಬೇಡ. ಸೋಲಾರ್ ಮಂಕಾಗುವ ಮಳೆಗಾಲದಲ್ಲೇ ಟರ್ಬೈನ್ ಚೆನ್ನಾಗಿ ಓಡುತ್ತದೆ, ಎರಡೂ ಇದ್ದರೆ ಇನ್ನೂ ಒಳ್ಳೆಯದು.

ಕಟ್ಟೆ ಒಡೆಯದೆ ನೀರು ತೆಗೆಯುವುದು

ಇಲ್ಲಿ ಅವಸರ ಮಾಡಬೇಡಿ. ಇರುವ ಗೋಡೆಗೆ ತೂತು ಕೊರೆಯುವುದು ಕೊನೆಯ ದಾರಿ, ಅದೂ ಸಿವಿಲ್ ಎಂಜಿನಿಯರ್ ನೋಡಿ ಬರೆದುಕೊಟ್ಟ ಮೇಲೆ. ಗೋಡೆಯ ಅಡಿಯಿಂದ ಸಣ್ಣಗೆ ನೀರು ಒಸರಲು ಶುರುವಾದರೆ ಮಣ್ಣು ಕೊಚ್ಚಿಕೊಂಡು ಹೋಗಿ ಇಡೀ ಕಟ್ಟೆಯೇ ಕೂತುಬಿಡಬಹುದು.

ಮೊದಲು ಹಳೆಯ ತೂಬು ಇದೆಯಾ ನೋಡಿ. ಹೂಳು ತೆಗೆಯಲು, ಕಾಲುವೆಗೆ ನೀರು ಬಿಡಲು ಬಿಟ್ಟ ಕಂಡಿ ಇದ್ದರೆ ಅದರೊಳಗೆ ಕಬ್ಬಿಣದ ಪೈಪು ತೂರಿಸಿ, ಸುತ್ತ ಗ್ರೌಟ್ (ತೆಳು ಸಿಮೆಂಟು ಗಾರೆ) ತುಂಬಿಸಿ, ಹೊರಗೆ ಬಂದ ಮೇಲೆ ಎರಡು ಕವಲು ಮಾಡುವುದು ಒಳ್ಳೆಯ ಕ್ರಮ. ಒಂದು ಕವಲು ಟರ್ಬೈನಿಗೆ, ಇನ್ನೊಂದು ವಾಲ್ವ್ ಹಾಕಿ ನೇರ ಕಾಲುವೆಗೆ. ಈ ಎರಡನೆಯದನ್ನು ಖರ್ಚು ಉಳಿಸಲು ಬಿಡಬೇಡಿ. ಟರ್ಬೈನ್ ಕೆಟ್ಟು ನಿಂತ ದಿನವೂ ತೋಟಕ್ಕೆ ನೀರು ಹೋಗಬೇಕು.

ತೂಬು ಇಲ್ಲದಿದ್ದರೆ ಸೈಫನ್. ಪೈಪನ್ನು ಗೋಡೆಯ ತಲೆಯ ಮೇಲಿಂದ ಹಾಯಿಸಿ ಆಚೆ ಇಳಿಸುವುದು, ಡ್ರಮ್ಮಿನಿಂದ ಡೀಸೆಲ್ ಎಳೆಯುವ ಹಾಗೆ. ಕಟ್ಟೆಗೆ ಒಂದು ಮೊಳೆಯೂ ಹೊಡೆಯಬೇಕಾಗಿಲ್ಲ. ಶುರು ಮಾಡಲು ಸಣ್ಣ ವ್ಯಾಕ್ಯೂಮ್ ಪಂಪು ಬೇಕು. ನಿಲ್ಲಿಸಲು ನೆತ್ತಿಯ ಮೇಲಿನ ವಾಲ್ವ್ ತೆರೆದು ಗಾಳಿ ಬಿಟ್ಟರೆ ಆಯಿತು, ದೊಡ್ಡ ಗೇಟಿನ ಖರ್ಚು ಉಳಿಯಿತು. ಮೇಲಿನ ನೀರಿನ ಮಟ್ಟದಿಂದ ಸೈಫನ್ನಿನ ನೆತ್ತಿ ಆರು ಮೀಟರಿಗಿಂತ ಜಾಸ್ತಿ ಎತ್ತರ ಇರಬಾರದು, ನಮ್ಮ ಕಟ್ಟೆಗಳಿಗೆ ಅದೇನೂ ತೊಂದರೆ ಅಲ್ಲ. ಪೈಪಿನ ಜಾಯಿಂಟು ಎಲ್ಲಿಯೂ ಗಾಳಿ ಎಳೆಯಬಾರದು, ಬಾಯಿ ನೀರಿನಲ್ಲಿ ಚೆನ್ನಾಗಿ ಮುಳುಗಿರಬೇಕು. ನೀರು ಸುಳಿ ಸುತ್ತಿ ಗಾಳಿ ಒಳಗೆ ಹೋದರೆ ಸೈಫನ್ನಿನ ಹರಿವು ನಿಂತುಹೋಗುತ್ತದೆ.

ಕಿಂಡಿ ಅಣೆಕಟ್ಟಿಗೆ ಮೂರನೆಯ ಉಪಾಯ ಇದೆ. ಒಂದು ಕಿಂಡಿಯಲ್ಲಿ ಹಲಗೆಯ ಬದಲು, ಹಲಗೆ ಇಳಿಯುವ ಅದೇ ಸಂದಿನಲ್ಲಿ ಕೂರುವ ಉಕ್ಕಿನ ಚೌಕಟ್ಟು, ಅದರಲ್ಲಿ ಟರ್ಬೈನ್. ಹಲಗೆ ಹಾಕುವ ದಿನ ಇದನ್ನೂ ಇಳಿಸಿ, ತೆಗೆಯುವ ದಿನ ಇದನ್ನೂ ಎತ್ತಿ. ಎತ್ತಲು ಚೈನ್ ಬ್ಲಾಕ್, ಅದನ್ನು ನೇತುಹಾಕಲು ಗಟ್ಟಿ ಕಂಬ ಮೊದಲೇ ಇರಬೇಕು. ಮೇ ಕೊನೆಗೆ ಎತ್ತಲಾಗದ ಯಂತ್ರ ಕಿಂಡಿಯನ್ನು ಮುಚ್ಚಿ ನಿಂತರೆ ಮೊದಲ ನೆರೆಗೆ ಬದಿಯ ತೋಟ ಕೊರೆದು ಹೋಗುತ್ತದೆ.

ಹಾಳೆ, ಮಡಲು, ಮರಳು

ಪುಸ್ತಕದಲ್ಲಿ ಎಲ್ಲ ಕಡೆ ಎಲೆ-ಕಡ್ಡಿ ಎಂದು ಬರೆದಿರುತ್ತದೆ. ನಮ್ಮಲ್ಲಿ ಬರುವುದು ಅಡಿಕೆ ಹಾಳೆ. ಒಂದೇ ಒಂದು ಹಾಳೆ ಜಾಲರಿಗೆ ಅಂಟಿಕೊಂಡರೆ ಸಾಕು, ಅರ್ಧ ನೀರು ನಿಂತೇ ಹೋಗುತ್ತದೆ. ಹಾಗಾಗಿ ಎರಡು ಹಂತ ಮಾಡಿ. ಮುಂದೆ ಅಗಲ ಸಂದಿನ ಕಂಬಿ, ಅದು ಮಡಲು, ಸೋಗೆ, ಮರದ ತುಂಡು ತಡೆಯಲಿ. ಒಳಗೆ ಸಣ್ಣ ಸಂದಿನ ಜಾಲರಿ, ಮೇಲಿನಿಂದ ಕೈಯಿಂದ ಹಾರೆ ಹಾಕಿ ಎಳೆಯಲು ಬರುವ ಹಾಗೆ ವಾರೆಯಾಗಿ. ಜಾಲರಿ ದೊಡ್ಡದು ಮಾಡಿ, ಅದರ ಹತ್ತಿರ ನೀರು ನಿಧಾನವಾಗಿ ಬಂದಷ್ಟೂ ಕಸ ಒತ್ತಿ ಹಿಡಿಯುವುದು ಕಡಿಮೆ. ಸೆಕೆಂಡಿಗೆ ಅರ್ಧ ಮೀಟರ್ ವೇಗ ಸಾಕು. ಮೊದಲ ಮಳೆಯ ವಾರ ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಗುಡಿಸಬೇಕು. ಇದಕ್ಕೆ ಮನೆಯಲ್ಲಿ ಜನ ಇಲ್ಲದಿದ್ದರೆ ಟರ್ಬೈನ್ ಬೇಡ.

ಗುಡ್ಡೆಯ ತೋಡಿನ ಕೆಂಪು ನೀರಿನಲ್ಲಿ ಮರಳು ಇರುತ್ತದೆ. ಪೈಪಿಗೆ ಮೊದಲು ನೀರು ನಿಧಾನವಾಗುವ ಒಂದು ತೊಟ್ಟಿ, ಅದರ ತಳದಲ್ಲಿ ಹೂಳು ಬಿಡುವ ವಾಲ್ವ್. ಮರಳು ಟರ್ಬೈನಿನ ರನ್ನರನ್ನು, ಅಂದರೆ ತಿರುಗುವ ಚಕ್ರವನ್ನು, ಅರದ ಹಾಗೆ ತಿನ್ನುತ್ತದೆ.

ಪೈಪಿನಲ್ಲಿ ಜಿಪುಣತನ ಬೇಡ

ಸೆಕೆಂಡಿಗೆ 25 ಲೀಟರ್ ನೀರನ್ನು 110 ಎಂ.ಎಂ. ಪೈಪಿನಲ್ಲಿ ಕಳಿಸಿದರೆ ಪ್ರತಿ 100 ಮೀಟರಿಗೆ ಒಂಬತ್ತು ಮೀಟರಿನಷ್ಟು ಎತ್ತರ ತಿಕ್ಕಾಟದಲ್ಲೇ ಹೋಗುತ್ತದೆ. 160 ಎಂ.ಎಂ. ಹಾಕಿದರೆ ಒಂದೂವರೆ ಮೀಟರ್ ಒಳಗೆ. ಇಪ್ಪತ್ತು ಮೀಟರಿನಲ್ಲಿ ಒಂಬತ್ತು ಕಳೆದುಕೊಳ್ಳುವುದಕ್ಕಿಂತ ದಪ್ಪ ಪೈಪು ಲಾಭ. ಒಟ್ಟು ಎತ್ತರದ ಹತ್ತರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ಪೈಪಿನಲ್ಲಿ ಹೋಗದಿರಲಿ. ಪಿ.ವಿ.ಸಿ. ಆದರೆ ಮಣ್ಣಿನಡಿ ಹೂಳಿ, ಬಿಸಿಲಿಗೆ ಬಿದ್ದ ಪೈಪು ಕೆಲವೇ ವರ್ಷದಲ್ಲಿ ಪೆಡಸಾಗುತ್ತದೆ. ತಿರುವುಗಳಿಗೆ ಕಾಂಕ್ರೀಟು ಕಟ್ಟೆ ಕೊಡಿ. ಕೆಳಗಿನ ವಾಲ್ವ್ ತಟ್ಟನೆ ಮುಚ್ಚಬಾರದು, ಓಡುವ ನೀರು ನಿಂತ ಪೆಟ್ಟಿಗೆ ಪೈಪು ಸೀಳುತ್ತದೆ. ನಿಧಾನ ತಿರುಗುವ ಗೇಟ್ ವಾಲ್ವ್ ಹಾಕಿದರೆ ಈ ಭಯ ಕಡಿಮೆ. ಪೈಪಿನ ಮೇಲಿನ ತುದಿಯಲ್ಲಿ ಗಾಳಿ ಕೊಳವೆ ಮರೆಯಬೇಡಿ.

ಯಾವ ಟರ್ಬೈನ್

ಐವತ್ತು ಮೀಟರಿಗಿಂತ ಮೇಲಾದರೆ ಪೆಲ್ಟನ್. ಹತ್ತರಿಂದ ಐವತ್ತು ಮೀಟರ್ ಒಳಗೆ ಕ್ರಾಸ್‌ಫ್ಲೋ ಒಳ್ಳೆಯದು: ನೀರು ಅರ್ಧಕ್ಕೆ ಇಳಿದರೂ ದಕ್ಷತೆ ಅಷ್ಟು ಬೀಳುವುದಿಲ್ಲ, ಒಳ್ಳೆಯ ವರ್ಕ್‌ಶಾಪಿನಲ್ಲೇ ಮಾಡಿಸಬಹುದು, ಕಸ ಸ್ವಲ್ಪ ಹೋದರೂ ಸಹಿಸುತ್ತದೆ. ಎರಡು-ಮೂರು ಮೀಟರಿನ ಕಟ್ಟೆಗೆ ಪ್ರೊಪೆಲ್ಲರ್ ಅಥವಾ ಕಪ್ಲಾನ್, ಇಲ್ಲವೇ ಆರ್ಕಿಮಿಡೀಸ್ ಸ್ಕ್ರೂ. ಸ್ಕ್ರೂ ದುಬಾರಿ, ಜಾಗವೂ ಬೇಕು, ಆದರೆ ಸಣ್ಣ ಕಸಕ್ಕೆ ಹೆದರುವುದಿಲ್ಲ, ಮೀನಿಗೂ ಹೆಚ್ಚು ಹಾನಿ ಇಲ್ಲ.

ಅಗ್ಗದ ದಾರಿ ಬೇಕೆಂದರೆ ಸೆಂಟ್ರಿಫ್ಯೂಗಲ್ ಪಂಪನ್ನೇ ಉಲ್ಟಾ ಓಡಿಸುವುದು. ಕೊಯಮತ್ತೂರಿನ ಪಂಪುಗಳು ಎಲ್ಲ ಪೇಟೆಯಲ್ಲೂ ಸಿಗುತ್ತವೆ, ಬೇರಿಂಗು, ಸೀಲು ಪಕ್ಕದ ಅಂಗಡಿಯಲ್ಲಿ. ಆದರೆ ಪಂಪಿನ ಫಲಕದಲ್ಲಿ ಬರೆದದ್ದಕ್ಕಿಂತ ಜಾಸ್ತಿ ನೀರು, ಜಾಸ್ತಿ ಎತ್ತರ ಕೊಟ್ಟರೆ ಮಾತ್ರ ಅದು ಸರಿಯಾಗಿ ತಿರುಗುತ್ತದೆ. ಹರಿವು ಕಡಿಮೆಯಾದರೆ ಪೂರಾ ಕೈಕೊಡುತ್ತದೆ. ಹರಿವು ಒಂದೇ ಸಮ ಇರುವ ತೋಡಿಗೆ ಮಾತ್ರ ಸರಿ.

ಜನರೇಟರ್, ಉಳಿದ ಕರೆಂಟು, ಕೆ.ಎಸ್.ಇ.ಬಿ.

ಸಣ್ಣ ಘಟಕಕ್ಕೆ ತ್ರೀ ಫೇಸ್ ಇಂಡಕ್ಷನ್ ಮೋಟರನ್ನೇ ಕೆಪಾಸಿಟರ್ ಹಾಕಿ ಜನರೇಟರ್ ಮಾಡಬಹುದು. ನಿಮಿಷಕ್ಕೆ 1,440 ಸುತ್ತಿನ ಮೋಟರು ಆಗ 1,500ಕ್ಕಿಂತ ಸ್ವಲ್ಪ ಮೇಲೆ ತಿರುಗಬೇಕು. ನೀರು ಒಂದೇ ಸಮ ಬರುತ್ತದೆ, ಮನೆಯ ಬಳಕೆ ಮಾತ್ರ ಏರಿಳಿಯುತ್ತದೆ. ಬಳಕೆ ಇಳಿದಾಗ ಯಂತ್ರ ಹುಚ್ಚು ಹಿಡಿದು ಓಡಿ ವೋಲ್ಟೇಜು ಏರಿ ಫ್ರಿಜ್ಜು, ಬಲ್ಬು ಸುಟ್ಟುಹೋದೀತು. ಇದನ್ನು ತಡೆಯಲು ಲೋಡ್ ಕಂಟ್ರೋಲರ್ ಬೇಕೇ ಬೇಕು. ಅದು ಉಳಿದ ಕರೆಂಟನ್ನು ಹೀಟರಿಗೆ ತಿರುಗಿಸುತ್ತದೆ. ಆ ಹೀಟರನ್ನು ಬಚ್ಚಲ ಹಂಡೆಗೆ ಹಾಕಿ, ಇಲ್ಲವೇ ಅಡಿಕೆ ಒಣಗಿಸುವ ಗೂಡಿಗೆ. ತುಲಾ ಮಳೆಗೆ ಅಂಗಳದ ಅಡಿಕೆ ಬೂಸ್ಟು ಹಿಡಿಯುವ ದಿನಗಳಲ್ಲಿ ಇದು ಮನೆಯ ಬಲ್ಬಿಗಿಂತ ಹೆಚ್ಚು ಉಪಕಾರಿ. ಹೀಟರಿನ ಒಟ್ಟು ಸಾಮರ್ಥ್ಯ ಜನರೇಟರಿಗಿಂತ ಸ್ವಲ್ಪ ಜಾಸ್ತಿಯೇ ಇರಲಿ, ಹಂಡೆಯ ನೀರು ಬತ್ತಬಾರದು.

ಲೈನಿಗೆ ಸೇರಿಸುವುದಾದರೆ ಕೆ.ಎಸ್.ಇ.ಬಿ. ಸೆಕ್ಷನ್ ಆಫೀಸಿಗೆ ಅರ್ಜಿ, ಎಲೆಕ್ಟ್ರಿಕಲ್ ಇನ್ಸ್‌ಪೆಕ್ಟೊರೇಟಿನ ಒಪ್ಪಿಗೆ. ಲೈನು ಹೋದ ಕೂಡಲೇ ನಿಮ್ಮ ಘಟಕ ತಾನಾಗಿ ಬೇರೆಯಾಗಲೇಬೇಕು. ಮರ ಬಿದ್ದ ತಂತಿ ಸರಿ ಮಾಡಲು ಕಂಬ ಹತ್ತಿದ ಲೈನ್‌ಮನ್‌ನ ಜೀವದ ಪ್ರಶ್ನೆ ಅದು. ಸೋಲಾರಿನ ಇನ್ವರ್ಟರಿಗೆ ಮ್ಯಾಗ್ನೆಟ್ ಜನರೇಟರ್ ಜೋಡಿಸುವವರು ಇನ್ನೊಂದು ನೋಡಿ: ಲೈನು ಹೋದ ಕ್ಷಣ ಟರ್ಬೈನ್ ಖಾಲಿ ತಿರುಗಿ ವೋಲ್ಟೇಜು ಎರಡು ಪಟ್ಟಿನ ಹತ್ತಿರ ಏರಬಹುದು, ಇನ್ವರ್ಟರ್ ಅದನ್ನು ತಡೆಯುವುದಿಲ್ಲ. ನಡುವೆ ಡಂಪ್ ಲೋಡ್, ಅಂದರೆ ಉಳಿದ ಕರೆಂಟು ತಿನ್ನುವ ಹೀಟರು, ಇರಲಿ.

ಕಾಗದ ಪತ್ರ

ತೋಡು ನಿಮ್ಮ ಜಾಗದಲ್ಲೇ ಹರಿದರೂ ನೀರು ನಿಮ್ಮದಲ್ಲ. 2003ರ ಕೇರಳ ನೀರಾವರಿ ಮತ್ತು ಜಲಸಂರಕ್ಷಣೆ ಕಾಯಿದೆ ಪ್ರಕಾರ ಅದು ಸರ್ಕಾರದ್ದು. ಕಿಂಡಿ ಅಣೆಕಟ್ಟು ಕಟ್ಟಿಸಿದ್ದು ಸಣ್ಣ ನೀರಾವರಿ ಇಲಾಖೆಯೋ ಪಂಚಾಯತಿಯೋ ತಿಳಿದುಕೊಂಡು ಅವರ ಲಿಖಿತ ಒಪ್ಪಿಗೆ ಪಡೆಯಿರಿ. ಊರಿನ ನೀರು ಬಳಕೆದಾರರ ಸಭೆಯ ತೀರ್ಮಾನವನ್ನೂ ಜೊತೆಗೆ ಇಡಿ. ಕೇರಳದಲ್ಲಿ ಸಣ್ಣ ಜಲವಿದ್ಯುತ್ತಿನ ಹೊಣೆ ಹೊತ್ತ (ನೋಡಲ್) ಸಂಸ್ಥೆ ತಿರುವನಂತಪುರದ ಎನರ್ಜಿ ಮ್ಯಾನೇಜ್ಮೆಂಟ್ ಸೆಂಟರ್. ದೇಶದಲ್ಲಿ 25 ಮೆಗಾವಾಟಿನವರೆಗೆ ಸಣ್ಣ ಜಲವಿದ್ಯುತ್ ಎಂದೇ ಲೆಕ್ಕ, 2006ರ ಪರಿಸರ ಪರಿಣಾಮ ಅಧಿಸೂಚನೆ ಪ್ರಕಾರ ಅದಕ್ಕಿಂತ ಕೆಳಗಿನದ್ದಕ್ಕೆ ಪರಿಸರ ಅನುಮತಿ ಬೇಕಿಲ್ಲ. ಆದರೆ ಪೈಪು ಅರಣ್ಯದ ಜಾಗದಲ್ಲಿ ಹಾದರೆ ಅರಣ್ಯ ಇಲಾಖೆ ಬಂದೇ ಬರುತ್ತದೆ, ಎಷ್ಟೇ ಸಣ್ಣದಿರಲಿ.

ಅರ್ಜಿಯನ್ನು ಕನ್ನಡದಲ್ಲೇ ಕೊಡಬಹುದು. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯಲ್ಲಿ ನಮಗೆ ಆ ಹಕ್ಕಿದೆ. ನಕ್ಷೆ, ಲೆಕ್ಕದ ಹಾಳೆಗಳ ಮೇಲೆ ಮಾತ್ರ ಮಲಯಾಳವೋ ಇಂಗ್ಲಿಷೋ ಸೇರಿಸಿ, ಫೈಲು ಬೇಗ ಮುಂದೆ ಹೋಗುತ್ತದೆ.

ಓಡಿಸುವಾಗ

ಕಟ್ಟೆಯಿಂದ ಪೈಪಿನ ಕೆಳತುದಿಯವರೆಗಿನ ತೋಡು ಪೂರ್ತಿ ಒಣಗಬಾರದು. ನಡುವೆ ಯಾರದ್ದಾದರೂ ಬಾವಿ, ಮೀನಿನ ಗುಂಡಿ ಇರಬಹುದು. ಗೋಡೆ ಕೊರೆಯದೆಯೇ, ಸ್ವಲ್ಪ ನೀರು ಯಾವಾಗಲೂ ತೋಡಿಗೆ ಹರಿಯುವ ಮುಚ್ಚಲಾಗದ ದಾರಿಯೊಂದನ್ನು ಬಿಟ್ಟುಬಿಡಿ, ಜಗಳವೂ ತಪ್ಪುತ್ತದೆ.

ಬೇರಿಂಗಿಗೆ ಗ್ರೀಸ್, ಬೆಲ್ಟಿನ ಬಿಗಿ, ಕೆಪಾಸಿಟರ್ ಉಬ್ಬಿದೆಯಾ ಎನ್ನುವುದು ತಿಂಗಳಿಗೊಮ್ಮೆ. ಸಿಡಿಲಿಗೆ ಅರ್ತಿಂಗ್ ಮತ್ತು ಅರೆಸ್ಟರ್ ಮೊದಲ ದಿನವೇ ಹಾಕಿಸಿ, ಏಪ್ರಿಲ್-ಮೇ ತಿಂಗಳ ಸಂಜೆ ಸಿಡಿಲು ಹೇಗಿರುತ್ತದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ನೀರು ನಿಂತ ಮೇಲೆ ಪೈಪು ಖಾಲಿ ಮಾಡಿ, ರನ್ನರ್ ಬಿಚ್ಚಿ ಸವೆತ ನೋಡಿ, ಬೇಕಾದರೆ ವೆಲ್ಡಿಂಗ್ ಮಾಡಿಸಿ. ಕಿಂಡಿಯ ಚೌಕಟ್ಟನ್ನು ಹಲಗೆಗಳ ಜೊತೆ ಮೇ ಮೂರನೇ ವಾರದೊಳಗೆ ಮೇಲೆತ್ತಿ. ಮುಂಗಾರು ಜೂನ್ ಒಂದಕ್ಕೆ ಎಂದು ಕಾದು ಕೂರಬೇಡಿ, ಅದಕ್ಕೆ ಮೊದಲೇ ಎರಡು ದೊಡ್ಡ ಮಳೆ ಬರುವುದುಂಟು.